ಹಗಲಿನ ಜೊಂಪು, ರಾತ್ರಿಯ ಉಸಿರು

ಬೆಳಿಗ್ಗೆ ಹನ್ನೊಂದರ ಹೊತ್ತು. ಈಳಿಗೆಮಣೆ ಮೇಲೆ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದೆ. ಕಣ್ಣು ಮುಚ್ಚಿದ್ದು ಗೊತ್ತಾಗಲಿಲ್ಲ. ಹೆಬ್ಬೆರಳು ಚುರ್ ಎಂದಾಗಲೇ ಎಚ್ಚರ. ತಟ್ಟೆಯಲ್ಲಿದ್ದ ಕಾಯಿಗೆಲ್ಲ ರಕ್ತ ಹತ್ತಿತ್ತು. ಸಕ್ಕರೆ ಕಾಯಿಲೆಯ ಮೈ, ಆ ಗಾಯ ಮಾಯಲು ಮೂರು ವಾರ ಹಿಡಿಯಿತು.

ನಾನು ಶಿವಮೊಗ್ಗದಲ್ಲಿ 31 ವರ್ಷ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳು. ಈಗ ವಯಸ್ಸು 64. ಶುಗರ್ ಬಂದು 16 ವರ್ಷವಾಯಿತು, ಬಿಪಿ ಬಂದು ಒಂಬತ್ತು. ಹಗಲು ತೂಕಡಿಸುವುದು ಶುರುವಾಗಿ ಎರಡು ವರ್ಷವಾಗಿದ್ದರೂ ಮನೆಯಲ್ಲಿ ಯಾರೂ ಅದನ್ನು ಕಾಯಿಲೆ ಎಂದುಕೊಂಡಿರಲಿಲ್ಲ. 'ವಯಸ್ಸಾಯ್ತಲ್ಲ' ಎಂದರು ನೆಂಟರು. 'ಶುಗರ್ ಇರೋರಿಗೆ ಸುಸ್ತು ಇದ್ದದ್ದೇ' ಎಂದರು ಪಕ್ಕದ ಮನೆಯವರು. ನಾನೂ ನಂಬಿದೆ. ರಾತ್ರಿ ಹತ್ತಕ್ಕೆ ಮಲಗಿ ಆರಕ್ಕೆ ಏಳುವವಳಿಗೆ ನಿದ್ದೆ ಸಾಲದು ಎಂದು ಯಾರಿಗೆ ತಾನೇ ಅನ್ನಿಸೀತು?

ವಿಷಯ ಬಯಲು ಮಾಡಿದ್ದು ನನ್ನ ಪಕ್ಕ ಮಲಗುವ ಮೊಮ್ಮಗಳು. 'ಅಜ್ಜಿ, ನೀನು ಗೊರಕೆ ಹೊಡೀತಾ ಹೊಡೀತಾ ಸುಮ್ಮನಾಗಿಬಿಡ್ತೀಯ. ಉಸಿರೇ ಬರಲ್ಲ. ನಂಗೆ ಭಯ ಆಗುತ್ತೆ' ಎಂದಳು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳು. ಕೇಳಿದೆ. ಗೊರಕೆ ನಿಂತಿತು. ಇಪ್ಪತ್ತು ಎಣಿಸುವಷ್ಟು ಹೊತ್ತು ಬರೀ ಫ್ಯಾನಿನ ಸದ್ದು. ಆಮೇಲೆ ಬಾವಿಯಲ್ಲಿ ಮುಳುಗಿದವರು ಮೇಲೆದ್ದ ಹಾಗೆ ಒಂದು ದೊಡ್ಡ ಉಸಿರು.

ಅದನ್ನು ಡಾಕ್ಟರಿಗೆ ಕೇಳಿಸಿದೆ. ಅವರು ಎಂಟು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ಓದುವಾಗ, ಟಿ.ವಿ. ನೋಡುವಾಗ, ಊಟವಾದ ಮೇಲೆ ಸುಮ್ಮನೆ ಕೂತಾಗ, ಯಾರ ಜೊತೆಗಾದರೂ ಮಾತಾಡುವಾಗ ಎಷ್ಟು ಜೊಂಪು ಹತ್ತುತ್ತದೆ? ಪ್ರತಿಯೊಂದಕ್ಕೂ 0ಯಿಂದ 3 ಅಂಕ. ಆಸ್ಟ್ರೇಲಿಯಾದ ವೈದ್ಯ ಮರ್ರೆ ಜಾನ್ಸ್ 1991ರಲ್ಲಿ ಪ್ರಕಟಿಸಿದ ಅಳತೆಗೋಲು ಅದು, ಹೆಸರು ಎಪ್‌ವರ್ತ್. 24ಕ್ಕೆ 10 ದಾಟಿದರೆ ವಿಚಾರಿಸಬೇಕಾದ ಸಂಗತಿ. ನನಗೆ 15 ಬಂತು.

ಆಮೇಲೆ ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿದೆ. ತಲೆಗೆ ವೈರು, ಎದೆಗೆ ಪಟ್ಟಿ, ಬೆರಳಿಗೆ ಕ್ಲಿಪ್ಪು. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಹೋಗುವುದಕ್ಕೆ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ಹತ್ತು ಸೆಕೆಂಡ್ ಉಸಿರು ನಿಂತರೆ ಒಂದು ಲೆಕ್ಕ. ಗಂಟೆಗೆ 30 ಮುಟ್ಟಿದರೆ ತೀವ್ರ. ನನ್ನದು 34. ಪ್ರತಿ ಸಲವೂ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಅರೆ ಎಚ್ಚರವಾಗಿ ಗಂಟಲು ತೆರೆಸುತ್ತದೆ. ಬೆಳಿಗ್ಗೆ ನಮಗೆ ಅದರ ನೆನಪೂ ಇರುವುದಿಲ್ಲ. ಗೊರಕೆ ಗಂಡಸರದು ಎಂಬ ಭಾವನೆಯಿಂದ ಹೆಂಗಸರ ಈ ತೊಂದರೆ ಕಣ್ಣಿಗೆ ಬೀಳುವುದೇ ಕಡಿಮೆ. ಮುಟ್ಟು ನಿಂತ ಮೇಲೆ ನಮಗೂ ಇದು ಹೆಚ್ಚುತ್ತದೆ.

ನನಗೆ ಅಚ್ಚರಿಯಾದದ್ದು ಇನ್ನೊಂದು ಸಂಗತಿ. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುತ್ತಿದ್ದೆ, ಅದನ್ನು ಪೂರ್ತಿ ಶುಗರ್ ತಲೆಗೇ ಕಟ್ಟಿದ್ದೆ. ಆದರೆ ಅದಕ್ಕೂ ಆಪ್ನಿಯಾಗೂ ನಂಟಿದೆ. ಮುಚ್ಚಿದ ಗಂಟಲಿನ ಎದುರು ಎದೆ ಉಸಿರೆಳೆಯಲು ಹೆಣಗುವಾಗ ಹೃದಯದ ಗೋಡೆ ಹಿಗ್ಗುತ್ತದಂತೆ. ಆಗ ಅದು ಒಂದು ಹಾರ್ಮೋನು ಬಿಡುತ್ತದೆ, ಕಿಡ್ನಿ ಉಪ್ಪುನೀರು ಹೊರಹಾಕುತ್ತದೆ. ಬಿಪಿ ಹತೋಟಿಗೆ ಬಾರದಿರುವುದಕ್ಕೂ ಆಪ್ನಿಯಾ ಕಾರಣವಾಗಬಲ್ಲದು. ಒಂದು ಕಾಯಿಲೆ ಇನ್ನೊಂದರ ಹೆಸರಿನಲ್ಲಿ ಅಡಗಿ ಕೂತಿತ್ತು.

ಹಗಲಿನ ಜೊಂಪಿಗೆ ಕಾರಣ ಆಪ್ನಿಯಾ ಒಂದೇ ಅಲ್ಲ. ಅಂಗಾಲು ಉರಿಗೆ ನುಂಗುತ್ತಿದ್ದ ಪ್ರಿಗಾಬಲಿನ್ ಕೂಡ ಮಂಪರು ತರುತ್ತದೆ. ಡಾಕ್ಟರು ಅದರ ಪ್ರಮಾಣ ಇಳಿಸಿದರು, ಮೂತ್ರ ಹೆಚ್ಚಿಸುವ ಸಂಜೆಯ ಮಾತ್ರೆಯನ್ನು ಬೆಳಿಗ್ಗೆಗೆ ಹಾಕಿದರು. ಕಿಡ್ನಿ ಕಾಯಿಲೆಯವರಿಗೆ, ಕಬ್ಬಿಣದ ಅಂಶ ಕಡಿಮೆ ಇರುವವರಿಗೆ ಮಲಗಿದೊಡನೆ ಕಾಲು ಚಡಪಡಿಸಿ ನಿದ್ದೆ ಕೆಡುವುದುಂಟು. ಥೈರಾಯ್ಡ್ ಕಡಿಮೆಯಾದರೂ ತೂಕಡಿಕೆ ಬರುತ್ತದೆ. ಪಾರ್ಕಿನ್‌ಸನ್‌ನ ಕೆಲವು ಮಾತ್ರೆಗಳಿಂದ ಕೂತಲ್ಲೇ ಗಕ್ಕನೆ ನಿದ್ದೆ ಆವರಿಸುವುದುಂಟು.

ಈಗ ಮೂಗಿಗೆ ಮಾಸ್ಕ್ ಹಾಕಿ ಮಲಗುತ್ತೇನೆ. ಒತ್ತಡದ ಗಾಳಿಯಿಂದ ಗಂಟಲು ಮುಚ್ಚದಂತೆ ತಡೆಯುವ ಈ ಉಪಾಯವನ್ನು 1981ರಲ್ಲಿ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ತೋರಿಸಿಕೊಟ್ಟರು. ಮೊದಲ ಹತ್ತು ದಿನ ಉಸಿರುಕಟ್ಟಿದ ಹಾಗಾಗಿ ಕಿತ್ತೆಸೆಯುತ್ತಿದ್ದೆ. ಮಾಸ್ಕಿನ ಅಳತೆ ಬದಲಾಯಿಸಿದ ಮೇಲೆ ಒಗ್ಗಿತು. ರಾತ್ರಿ ಏಳುವುದು ಈಗ ಒಂದೇ ಸಲ.

ಹಗಲು ತಡೆಯಲಾರದ ಜೊಂಪು ಬರುತ್ತಿದ್ದರೆ ಶುಗರ್, ಬಿಪಿ ಚೀಟಿಯ ಜೊತೆ ಅದನ್ನೂ ಡಾಕ್ಟರಿಗೆ ಹೇಳಿ. ಪಕ್ಕದಲ್ಲಿ ಮಲಗುವವರನ್ನೂ ಕರೆದುಕೊಂಡು ಹೋಗಿ. ಜೊಂಪು ಹತೋಟಿಗೆ ಬರುವವರೆಗೆ ಗಾಡಿ ಓಡಿಸಬೇಡಿ. ನಿದ್ದೆ ಮಾತ್ರೆಯನ್ನು ನೀವಾಗಿಯೇ ನುಂಗಲೂಬೇಡಿ, ಆಪ್ನಿಯಾ ಇದ್ದವರ ಉಸಿರನ್ನು ಅದು ಇನ್ನಷ್ಟು ಕೆಡಿಸಬಹುದು.