ಬೋಡ್ರಮ್ ಕಡಲತೀರಕ್ಕೆ ಹೊರಡುವ ಮುನ್ನ

ತುರ್ಕಿ ದೇಶದ ನೈಋತ್ಯ ಮೂಲೆಯಲ್ಲಿ, ಈಜಿಯನ್ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಪುಟ್ಟ ಪರ್ಯಾಯದ್ವೀಪವೇ ಬೋಡ್ರಮ್. ಬಿಸಿಲು, ಈಜು, ವಿಶ್ರಾಂತಿಗಳನ್ನು ಬಯಸಿ ಅಲ್ಲಿಗೆ ಹೋಗುವವರು ಮೊದಲು ತಿಂಗಳನ್ನು ಆರಿಸಿಕೊಳ್ಳಬೇಕು, ಆಮೇಲೆ ದಂಡೆಯನ್ನು.

ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ನಮ್ಮಲ್ಲಿ ಮುಂಗಾರು ಸುರಿಯುವಾಗ ಅಲ್ಲಿ ಆಕಾಶ ನಿರ್ಮಲ. ಆದರೆ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಬಿಸಿಲು ಪ್ರಖರ, ಜನಸಂದಣಿಯೂ ಬಹಳ. ಮೇ ತಿಂಗಳು ಹಿತವಾದರೂ ನೀರು ತಣ್ಣಗೆ. ನೆಲ ಬೇಗ ಕಾದು ಬೇಗ ಆರುತ್ತದೆ. ಕಡಲು ಎರಡರಲ್ಲಿಯೂ ನಿಧಾನಿ. ಬೇಸಗೆಯ ಶಾಖವನ್ನು ಅದು ಸೆಪ್ಟೆಂಬರಿನಲ್ಲಿಯೂ ಉಳಿಸಿಕೊಂಡಿರುತ್ತದೆ. ಆದುದರಿಂದ ಈಜುವವರಿಗೆ ಸೆಪ್ಟೆಂಬರೇ ಲೇಸು.

ಇನ್ನು ದಂಡೆಯ ವಿಚಾರ. ಬೇಸಗೆಯಲ್ಲಿ ಉತ್ತರದ ಕಡೆಯಿಂದ ‘ಮೆಲ್ತೆಮಿ’ ಎಂಬ ಗಾಳಿ ಬೀಸುತ್ತದೆ. ಉತ್ತರ ದಂಡೆಯಲ್ಲಿ ಅದು ಅಲೆಗಳನ್ನೆಬ್ಬಿಸಿದರೆ, ದಕ್ಷಿಣದ ಬಿತೆಜ್ ಕೊಲ್ಲಿಯಲ್ಲಿ ದಡದ ಬಳಿ ನೀರು ಶಾಂತವಾಗಿ ಕಾಣುತ್ತದೆ. ಆ ಶಾಂತಿಯನ್ನು ನಂಬುವಂತಿಲ್ಲ. ಅಲ್ಲಿ ಗಾಳಿ ನೆಲದಿಂದ ಕಡಲಿನತ್ತ ಬೀಸುವುದರಿಂದ, ಗಾಳಿ ತುಂಬಿದ ತೆಪ್ಪದಲ್ಲಿ ಕುಳಿತ ಮಗು ನೋಡನೋಡುತ್ತಲೇ ದೂರ ಸಾಗೀತು. ಅಂಥ ತೆಪ್ಪಗಳನ್ನು ಗಾಳಿಯ ದಿನ ನೀರಿಗಿಳಿಸದಿರುವುದೇ ಕ್ಷೇಮ.

ಅಂದು ಬೋಡ್ರಮ್ ಕೋಟೆಯನ್ನು ನೋಡಬಹುದು. ಇತಿಹಾಸಕಾರ ಹೆರೊಡೋಟಸ್ ಹುಟ್ಟಿದ ಹಾಲಿಕಾರ್ನಾಸಸ್ ಇದೇ ಊರು. ಕೋಟೆಯೊಳಗಿನ ವಸ್ತುಸಂಗ್ರಹಾಲಯದಲ್ಲಿ, ಮುಳುಗಿದ ಹಡಗುಗಳಿಂದ ಮೇಲೆತ್ತಿದ ಪ್ರಾಚೀನ ಸರಕುಗಳುಂಟು.