ಪುರದ ಸಭೆಯೂ ನಮ್ಮ ಬೀಳಗಿ ಸೀಮೆಯೂ

ಬಡಗಣ ದಿಕ್ಕಿನಲ್ಲಿ ಕೃಷ್ಣೆಯೂ ತೆಂಕಣ ದಿಕ್ಕಿನಲ್ಲಿ ಘಟಪ್ರಭೆಯೂ ಹರಿದು, ಮೂಡಲಿಗೆ ಚಿಕ್ಕಸಂಗಮದಲ್ಲಿ ಪರಸ್ಪರ ಕೂಡಿಕೊಳ್ಳುವ ಈ ನಡುವಣ ನೆಲಕ್ಕೆ, ಅಂದರೆ ನಮ್ಮ ಬೀಳಗಿ ಸೀಮೆಗೆ, ಶಕ್ತಿಯ ದಾರಿದ್ರ್ಯವೆಂಬುದು ಎಂದೂ ಇದ್ದಂತಿಲ್ಲ. ಇದೇ ಘಟಪ್ರಭೆಯ ನೀರು ಗೋಕಾಕದ ಜಲಪಾತದಲ್ಲಿ ಧುಮುಕುವ ಬಲದಿಂದ 1887ರಷ್ಟು ಹಿಂದೆಯೇ ಅಲ್ಲಿಯ ಹತ್ತಿಯ ಗಿರಣಿಯ ಚಕ್ರಗಳನ್ನು ತಿರುಗಿಸಿತ್ತು. ಆಲಮಟ್ಟಿಯ ಹಿನ್ನೀರು ಈ ತಾಲೂಕಿನ ಅನೇಕ ಗ್ರಾಮಗಳನ್ನೂ, ತಲೆಮಾರುಗಳಿಂದ ಬಿಳಿಜೋಳ ಬೆಳೆದ ಎರೆಹೊಲಗಳನ್ನೂ ತನ್ನೊಡಲಿಗೆ ಸೇರಿಸಿಕೊಂಡು, ಅಲ್ಲಿದ್ದ ಜನ ಪುನರ್ವಸತಿ ಕೇಂದ್ರಗಳೆಂಬ ಹೊಸ ಊರುಗಳಿಗೆ ತಮ್ಮ ದೇವರುಗಳನ್ನೂ ಪಾತ್ರೆಪಡಗಗಳನ್ನೂ ಹೊತ್ತು ನಡೆದ ಮೇಲೆ, ಅಣೆಕಟ್ಟಿನ ಬುಡದ ವಿದ್ಯುದಾಗಾರದಲ್ಲಿ 15 ಮೆಗಾವ್ಯಾಟಿನ ಒಂದು, 55 ಮೆಗಾವ್ಯಾಟಿನ ಐದು, ಒಟ್ಟು 290 ಮೆಗಾವ್ಯಾಟ್ ಸಾಮರ್ಥ್ಯದ ಯಂತ್ರಗಳು 2005ರ ವೇಳೆಗೆ ತಿರುಗತೊಡಗಿದವು. ಮುಳುಗಿದ್ದು ಇಲ್ಲಿ, ಹೊತ್ತಿಕೊಂಡದ್ದು ನಾಡಿನ ಎಲ್ಲ ಕಡೆ. ಇದನ್ನು ದೂರಾಗಿ ಹೇಳುತ್ತಿಲ್ಲ, ವಸ್ತುಸ್ಥಿತಿಯಾಗಿ ಹೇಳುತ್ತಿದ್ದೇನೆ.

ನೀರಿನದು ಈ ಕಥೆಯಾದರೆ ಕಬ್ಬಿನದು ಇನ್ನೊಂದು. ಬಾಡಗಂಡಿ, ಕುಂದರಗಿ, ಮುಧೋಳ, ಮಹಾಲಿಂಗಪುರದ ನೆರೆಯ ಸಮೀರವಾಡಿ, ಜಮಖಂಡಿಯ ಕಡೆಯ ಹಿರೇಪಡಸಲಗಿ, ಸಿದ್ದಾಪುರ: ಹೀಗೆ ಒಂದೆರಡು ಗಂಟೆಯ ದಾರಿಯೊಳಗೆ ಇಷ್ಟೊಂದು ಸಕ್ಕರೆ ಕಾರ್ಖಾನೆಗಳ ಹೊಗೆಗೊಳವೆಗಳು ಕಾಣುವ ಸೀಮೆಗಳು ಕರ್ನಾಟಕದಲ್ಲಿ ವಿರಳ. ಒಂದು ಟನ್ ಕಬ್ಬನ್ನು ಅರೆದರೆ ಸುಮಾರು 300 ಕಿಲೋ ಸಿಪ್ಪೆ ಉಳಿಯುತ್ತದೆ; ಅದರಲ್ಲಿ ಅರ್ಧ ಬರಿಯ ತೇವ, ಮಿಕ್ಕರ್ಧ ಉತ್ತಮವಾದ ಉರುವಲು. ನಮ್ಮ ಹಿರಿಯರ ಗಾಣಗಳಲ್ಲಿಯೂ ಇದೇ ಸಿಪ್ಪೆಯನ್ನು ಬಿಸಿಲಿಗೆ ಹರವಿ ಒಣಗಿಸಿ, ಕೊಪ್ಪರಿಗೆಯ ಕೆಳಗೆ ಉರಿಹಾಕಿ, ಕಬ್ಬಿನ ಹಾಲು ಕಾಯಿಸಿ ಬೆಲ್ಲ ಇಳಿಸುತ್ತಿದ್ದುದು. ಮಹಾಲಿಂಗಪುರದ ಬೆಲ್ಲದ ಪೇಟೆ ಬೆಳೆದದ್ದು ಆ ಉರಿಯ ಮೇಲೆಯೇ. ಕಾರ್ಖಾನೆಯವರು ಮಾಡಿದ್ದು ಇಷ್ಟೆ: ಉರಿಯಿಂದ ನೇರವಾಗಿ ಹಾಲು ಕಾಯಿಸುವ ಬದಲು ಮೊದಲು ಅಧಿಕ ಒತ್ತಡದ ಹಬೆಯನ್ನು ಪಡೆದು, ಆ ಹಬೆಯಿಂದ ಟರ್ಬೈನು ತಿರುಗಿಸಿ ವಿದ್ಯುತ್ತನ್ನು ತೆಗೆದುಕೊಂಡು, ಕಸುವು ತಗ್ಗಿ ಹೊರಬಂದ ಹಬೆಗೆ ಕಬ್ಬಿನ ಹಾಲನ್ನು ಕಾಯಿಸುವ ಕೆಲಸವನ್ನು ವಹಿಸಿದರು. ಸ್ವಂತಕ್ಕೆ ಸಾಲುವಷ್ಟನ್ನು ಇಟ್ಟುಕೊಂಡು ಮಿಕ್ಕ ವಿದ್ಯುತ್ತನ್ನು ಜಾಲಕ್ಕೆ ಮಾರುವ ಈ ಸಹವಿದ್ಯುತ್ ಪದ್ಧತಿ ಇಂದು ಕಾರ್ಖಾನೆಗಳಿಗೆ ಸಕ್ಕರೆಯ ಜೊತೆಗೆ ಇನ್ನೊಂದು ಮುಖ್ಯವಾದ ಆದಾಯಮೂಲವಾಗಿದೆ. ಆದರೆ ಹಂಗಾಮು ಮುಗಿದು ಟ್ರ್ಯಾಕ್ಟರುಗಳ ಸಾಲು ಕರಗುವ ಹೊತ್ತಿಗೆ ಈ ಉರಿಯೂ ತಣ್ಣಗಾಗುತ್ತದೆ. ಮುಂದಿನ ಉಗ್ರವಾದ ಬೇಸಗೆಯಲ್ಲಿ, ಕರೆಂಟು ಅತ್ಯವಶ್ಯವಾದಾಗ, ಬೀಳಗಿಯ ರೈತ ಪಂಪಿಗೆ ಬೇಕಾದ ತ್ರೀಫೇಸು ಎಷ್ಟು ಹೊತ್ತಿಗೆ ಬಂದೀತೆಂದು ರಾತ್ರಿ ಎದ್ದು ಕಾಯುತ್ತಾನೆ.

ನಮ್ಮಲ್ಲಿ ಉತ್ಪಾದಕರು ಉಂಟು, ವಿತರಣಾ ಕಂಪನಿ ಉಂಟು, ಗ್ರಾಹಕರು ಉಂಟು. ಊರಿಗೆ ಊರೇ ತನ್ನದೆಂದು ಹೇಳಿಕೊಳ್ಳುವ ಶಕ್ತಿಮೂಲ ಮಾತ್ರ ಇಲ್ಲ. ಕಾನೂನು ಇದಕ್ಕೆ ಅಡ್ಡಬಂದಿಲ್ಲವೆಂಬುದು ಸೋಜಿಗದ ಸಂಗತಿ. ಸಂವಿಧಾನದ 73ನೆಯ ತಿದ್ದುಪಡಿಯೊಡನೆ 1993ರಲ್ಲಿ ಜಾರಿಗೆ ಬಂದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಪಟ್ಟಿಮಾಡಿದೆಯಷ್ಟೆ. ಅದರ ಹದಿನಾಲ್ಕನೆಯದು ವಿದ್ಯುತ್ ವಿತರಣೆಯೂ ಸೇರಿದ ಗ್ರಾಮೀಣ ವಿದ್ಯುದೀಕರಣ, ಹದಿನೈದನೆಯದು ಅಸಾಂಪ್ರದಾಯಿಕ ಶಕ್ತಿಮೂಲಗಳು. ಪಟ್ಟಣಗಳಿಗಾಗಿ ರಚಿತವಾದ ಹನ್ನೆರಡನೆಯ ಅನುಸೂಚಿಯಲ್ಲಿಯಾದರೋ ಬೀದಿದೀಪದ ಮಾತು ಇದೆಯೇ ಹೊರತು ಶಕ್ತಿಮೂಲದ ಮಾತಿಲ್ಲ. ಆದ್ದರಿಂದ ಬೀಳಗಿಯ ಪಟ್ಟಣ ಪಂಚಾಯತಿಗೂ, ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಗಳ ನಗರಸಭೆಗಳಿಗೂ ಇಲ್ಲದ ಒಂದು ಅವಕಾಶ ಗಲಗಲಿಯಂಥ ಗ್ರಾಮ ಪಂಚಾಯತಿಗೆ ಕಾಗದದ ಮೇಲಾದರೂ ದತ್ತವಾಗಿದೆ. ಈ ಅವಕಾಶವನ್ನು ಕಾಗದದಿಂದ ಕೆಳಗಿಳಿಸಿದರೆ ಹೇಗಿದ್ದೀತೆಂಬುದಕ್ಕೆ ಕರ್ನಾಟಕದಲ್ಲಿಯೇ ಒಂದು ನಿದರ್ಶನವಿದೆ. ಅದು ತಿದ್ದುಪಡಿಗಿಂತಲೂ ಹಳೆಯದು, ಮತ್ತು ಅದನ್ನು ಪರಿಚಯಿಸುವುದೇ ಈ ಲೇಖನದ ಉದ್ದೇಶ.

ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿನಲ್ಲಿ ಪುರ ಎಂಬ ಸಣ್ಣ ಹಳ್ಳಿ. ಅದರ ಸಮೀಪದ ಉಂಗ್ರದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ವಿಭಾಗದವರು ತಮ್ಮ ಕ್ಷೇತ್ರಕೇಂದ್ರವನ್ನು ತೆರೆದಿದ್ದರು. ಪ್ರೊಫೆಸರ್ ಎ. ಕೆ. ಎನ್. ರೆಡ್ಡಿಯವರು 1974ರಲ್ಲಿ ಹುಟ್ಟುಹಾಕಿದ ಈ ವಿಭಾಗದ ಹೆಸರನ್ನು ಕೇಳದವರೂ ಅಲ್ಲಿಂದ ಬಂದ ಅಸ್ತ್ರ ಒಲೆಯನ್ನು ತಮ್ಮ ಅಜ್ಜಿಯರ ಅಡಿಗೆಮನೆಯಲ್ಲಿ ಕಂಡಿರಬಹುದು. ವಿಜ್ಞಾನಿಗಳು ಮೊದಲು ಮಾಡಿದ್ದು ಯಂತ್ರ ತರುವುದಲ್ಲ, ಲೆಕ್ಕ ಹಾಕುವುದು: ಸುತ್ತಣ ಕೆಲವು ಹಳ್ಳಿಗಳಲ್ಲಿ ಯಾವ ಮನೆ ಎಷ್ಟು ಸೌದೆ ಉರಿಸುತ್ತದೆ, ಅದನ್ನು ಯಾರು, ಎಷ್ಟು ದೂರದಿಂದ, ಎಷ್ಟು ಹೊತ್ತು ವ್ಯಯಿಸಿ ತರುತ್ತಾರೆ ಎಂಬುದನ್ನು ಮನೆಮನೆಗೆ ಹೋಗಿ ತೂಗಿ ಬರೆದುಕೊಂಡರು. ಹಳ್ಳಿಯ ಶಕ್ತಿಯಲ್ಲಿ ಸಿಂಹಪಾಲು ಸೌದೆಯದೆಂದೂ, ಅದು ಹೋಗುವುದು ಒಲೆಗೆಂದೂ, ಹೊರುವವರು ಬಹುಪಾಲು ಹೆಂಗಸರು ಮಕ್ಕಳೆಂದೂ ಆ ಲೆಕ್ಕದಿಂದ ತಿಳಿದುಬಂತು.

ಒಲೆಗೇ ಶಕ್ತಿ ಹೆಚ್ಚು ಬೇಕಾಗಿರುವಾಗ ಒಲೆಗೇ ಅನಿಲವನ್ನು ಕೊಡೋಣವೆಂದು ಹೊರಟದ್ದು ಸಹಜವೇ. ಊರಿನ ದನಗಳ ಸಗಣಿಯನ್ನೆಲ್ಲ ಒಂದೆಡೆ ಸೇರಿಸಿ ಸಮುದಾಯದ ಗೋಬರ್ ಗ್ಯಾಸ್ ಸ್ಥಾವರವನ್ನು ಕಟ್ಟಿದರು. ಅದು ಸೋತಿತು. ಬಯಲಿನಲ್ಲಿ ಮೇದು ಬರುವ ಬಡಕಲು ದನಗಳ ಸಗಣಿ ಎಲ್ಲ ಮನೆಗಳ ಒಲೆಗೂ ಸಾಲುವಷ್ಟು ಅನಿಲವನ್ನು ಕೊಡಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಕೈಯಿಂದ ಕಾಸು ಬಿಚ್ಚದೆ ಆಯ್ದು ತರುವ ಸೌದೆಗೆ ಬದಲಾಗಿ ಬರುವ ಅನಿಲವು ಊರಿನವರಿಗೆ ಅಂಥ ತುರ್ತಿನ ವಸ್ತುವಾಗಿ ತೋರಲಿಲ್ಲ. ಅವರಿಗೆ ಬೇಕಾಗಿದ್ದುದು ಕುಡಿಯುವ ನೀರು. ವಿದ್ವಾಂಸರ ಕೋಷ್ಟಕದಲ್ಲಿ ಅಡಿಗೆಯ ಶಕ್ತಿ ದೊಡ್ಡ ಅಂಕೆ, ಕೊಡ ಹೊತ್ತವಳ ಲೆಕ್ಕದಲ್ಲಿ ನೀರು ದೊಡ್ಡ ಅಂಕೆ. ಈ ಎರಡನೆಯ ಲೆಕ್ಕವನ್ನು ಒಪ್ಪಿಕೊಳ್ಳುವಷ್ಟು ವಿನಯ ಆ ವಿದ್ವಾಂಸರಲ್ಲಿತ್ತು ಎಂಬುದಕ್ಕಾಗಿ ಅವರಿಗೆ ನಾನು ಹೆಚ್ಚಿನ ಅಂಕ ಕೊಡುತ್ತೇನೆ.

1987ರ ಸೆಪ್ಟೆಂಬರಿನಲ್ಲಿ ಅದೇ ಸಗಣಿಯ ಅನಿಲ ಹೊಸ ದಾರಿ ಹಿಡಿಯಿತು. ಒಲೆಗೆ ಹೋಗಬೇಕಾಗಿದ್ದುದು ಒಂದು ಸಣ್ಣ ಡೀಸೆಲ್ ಎಂಜಿನಿಗೆ ಹೋಯಿತು. ಉರಿ ಹತ್ತುವುದಕ್ಕೆ ಬೇಕಾದಷ್ಟು ಸ್ವಲ್ಪ ಡೀಸೆಲ್ಲನ್ನು ಬಳಸಿ, ಉಳಿದ ಬಲವನ್ನೆಲ್ಲ ಅನಿಲದಿಂದ ಪಡೆದು, ಸುಮಾರು 5 ಕಿಲೋವ್ಯಾಟ್ ವಿದ್ಯುತ್ತನ್ನು ಕೊಡುವ ಏರ್ಪಾಡು ಅದು. ಮೊದಲು ಕೊಳವೆಬಾವಿಯ ಪಂಪು ನಡೆದು ತೊಟ್ಟಿಯನ್ನು ತುಂಬುವುದು, ಬೀದಿಯ ನಲ್ಲಿಗಳಲ್ಲಿ ಶುದ್ಧವಾದ ನೀರು ಬರುವುದು. ಸಂಜೆಯಾದ ಮೇಲೆ ಮನೆಗಳ ಟ್ಯೂಬ್‌ಲೈಟು ಉರಿಯುವುದು. ವಿದ್ಯುತ್ ಮಂಡಲಿಯ ತಂತಿ ಪುರಕ್ಕೆ ಮುಂಚೆಯೇ ಬಂದಿತ್ತು. ಆದರೆ ಸಂಜೆಯ ವೇಳೆಗೆ ಸೊರಗುತ್ತಿದ್ದ ಆ ವೋಲ್ಟೇಜಿಗಿಂತ ಸಗಣಿಯ ಬೆಳಕು ನೆಚ್ಚಿಗೆಯದೆಂದು ಊರಿನವರು ಕಂಡುಕೊಂಡರು.

ಯಂತ್ರದ ವರ್ಣನೆಗೆ ಇಷ್ಟು ಸಾಕು. ಪುರದ ನಿಜವಾದ ನಿರ್ಮಾಣ ಎಂಜಿನಿನಲ್ಲಿಲ್ಲ, ಸಗಣಿಯ ಲೆಕ್ಕದಲ್ಲಿದೆ. ಬೆಳಗಿನ ಹೊತ್ತು ಸ್ಥಾವರದ ಬಳಿ ಸಗಣಿಯ ಬುಟ್ಟಿಗಳು ಬರುತ್ತಿದ್ದವು; ಪ್ರತಿಯೊಂದನ್ನೂ ತೂಗಿ ಮನೆಯ ಹೆಸರಿಗೆ ಬರೆದುಕೊಳ್ಳುತ್ತಿದ್ದರು. ಅನಿಲವನ್ನು ಕಳೆದುಕೊಂಡ ಸಗಣಿ ಗೊಬ್ಬರವಾಗಿಯೇ ಉಳಿಯುತ್ತದೆ, ಸಾರ ನಷ್ಟವಾಗುವುದಿಲ್ಲ. ಆ ಬಗ್ಗಡವನ್ನು ಮರಳಿನ ಪಾತಿಗಳಲ್ಲಿ ಸೋಸಿ, ನೀರನ್ನು ಬೇರ್ಪಡಿಸಿ, ಯಾವ ಮನೆ ಎಷ್ಟು ತಂದಿತ್ತೋ ಆ ಪ್ರಮಾಣಕ್ಕೆ ತಕ್ಕಂತೆ ಅದೇ ಮನೆಗೆ ಹಿಂದಿರುಗಿಸುತ್ತಿದ್ದರು. ತಿಪ್ಪೆಯ ಮೇಲೆ ರೈತನಿಗಿರುವ ಮಮತೆಯನ್ನು ಬಲ್ಲವರಿಗೆ ಈ ಹಿಂದಿರುಗಿಸುವಿಕೆಯ ಬೆಲೆ ತಿಳಿದೀತು. ಗೊಬ್ಬರ ಕೈಬಿಟ್ಟು ಹೋಗುವುದಾಗಿದ್ದರೆ ಒಂದು ಬುಟ್ಟಿಯೂ ಅತ್ತ ಬರುತ್ತಿರಲಿಲ್ಲ. ಇದರ ಮೇಲೆ ಮತ್ತೊಂದು ಸೂಕ್ಷ್ಮವಾದ ಏರ್ಪಾಡು: ಸಗಣಿಯನ್ನು ಹೊತ್ತು ತಂದವರಿಗೆ ಕಿಲೋಗೆ 2 ಪೈಸೆಯಂತೆ ಕೂಲಿ. ಗೊಬ್ಬರ ಸೇರುವುದು ದನದ ಒಡೆಯನ ಹೊಲಕ್ಕೆ, ಹೊರುವ ಶ್ರಮ ಮಾತ್ರ ಹೆಂಗಸರದು ಮತ್ತು ಮಕ್ಕಳದು; ಆದುದರಿಂದ ಶ್ರಮದ ಪ್ರತಿಫಲ ಶ್ರಮಪಟ್ಟವರ ಕೈಗೇ ನೇರವಾಗಿ ಬೀಳಲಿ ಎಂಬ ವಿವೇಕ. ದೊಡ್ಡ ಯೋಜನಾ ವರದಿಗಳಲ್ಲಿ ಮಹಿಳಾ ಸಬಲೀಕರಣದ ಅಧ್ಯಾಯಗಳನ್ನು ಓದಿದ್ದೇನೆ. ಈ ಎರಡು ಪೈಸೆಯಷ್ಟು ಸ್ಪಷ್ಟವಾದ ವಾಕ್ಯ ಅವುಗಳಲ್ಲಿ ಸಿಕ್ಕಿಲ್ಲ.

ಇದನ್ನೆಲ್ಲ ನಿರ್ಣಯಿಸುತ್ತಿದ್ದುದು ಊರಿನವರೇ ಕೂಡಿದ ಗ್ರಾಮ ವಿಕಾಸ ಸಭೆ. ಸ್ಥಾವರವನ್ನು ನಡೆಯಿಸುತ್ತಿದ್ದವರು ತರಬೇತಿ ಪಡೆದ ಊರಿನ ಹುಡುಗರು. ನಲ್ಲಿಗೆ ಇಷ್ಟು, ದೀಪಕ್ಕೆ ಇಷ್ಟು ಎಂದು ತಿಂಗಳ ವಂತಿಗೆ ಗೊತ್ತುಮಾಡಿ ವಸೂಲುಮಾಡುತ್ತಿದ್ದರು. ದೀಪ ಆರಿದರೆ ಯಾರನ್ನು ಕೇಳಬೇಕೆಂಬುದು ಪ್ರತಿಯೊಬ್ಬರಿಗೂ ಗೊತ್ತಿತ್ತು, ಮತ್ತು ಕೇಳಿಸಿಕೊಳ್ಳಬೇಕಾದವನು ಮುಂದಿನ ಓಣಿಯಲ್ಲಿಯೇ ಇರುತ್ತಿದ್ದ. ಅದೇ ತಾಲೂಕಿನ ಹೊಸಹಳ್ಳಿಯಲ್ಲಿ 1988ರಿಂದ ಸೌದೆಯ ಅನಿಲದಿಂದ ವಿದ್ಯುತ್ತನ್ನು ಪಡೆದು, ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿಗಳನ್ನು ನಡೆಯಿಸಿದ ಇದೇ ಬಳಗದ ಪ್ರಯೋಗವನ್ನೂ ಇಲ್ಲಿ ಹೆಸರಿಸಬೇಕು. ಎರಡೂ ಇಂದು ಇತಿಹಾಸಕ್ಕೆ ಸೇರಿವೆ. ಪುರದ್ದು ಸುಮಾರು ಒಂದು ದಶಕ ನಡೆಯಿತು. ಒಂದು ಹಳ್ಳಿಯ ಸಭೆ ದಿನವೂ ಸಗಣಿ ತೂಗಿ, ದಿನವೂ ಎಂಜಿನು ನಡೆಯಿಸಿ ಹತ್ತು ವರ್ಷ ಬಾಳಿತೆಂದರೆ ಅದನ್ನು ಸೋಲೆಂದು ಬರೆಯುವವರ ಸಾಲಿಗೆ ನಾನು ಸೇರಲಾರೆ.

ಪುರದಂಥ ಒಗ್ಗಟ್ಟು ನಮ್ಮ ಕಡೆ ಎಲ್ಲಿಂದ ಬರಬೇಕು ಎಂದು ಬೀಳಗಿಯ ಕಟ್ಟೆಯ ಮೇಲೆ ಕೂತವರು ಕೇಳಬಹುದು. ಅವರು ನೆರೆಯ ಚಿಕ್ಕಪಡಸಲಗಿಯನ್ನು ಮರೆತಿದ್ದಾರೆ. ಸರ್ಕಾರದ ಯೋಜನೆಗಾಗಿ ಕಾದು ಬೇಸತ್ತ ಜಮಖಂಡಿಯ ಕಡೆಯ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಾವೇ ಹಣ ಕೂಡಿಸಿ, ತಾವೇ ಮೈಬಗ್ಗಿಸಿ, 1989ರಲ್ಲಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜನ್ನು ಕಟ್ಟಿ ಶ್ರಮಬಿಂದು ಸಾಗರವೆಂದು ಹೆಸರಿಟ್ಟರು. ಎರಡು ವರ್ಷದ ನಂತರ ಅದೇ ನ್ಯಾಮಗೌಡರು ಬಾಗಲಕೋಟೆ ಲೋಕಸಭಾ ಕ್ಷೇತ್ರದಲ್ಲಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು. ಸ್ಥಳೀಯ ಸಂಸ್ಥೆಗಳ ವಿಷಯಕ್ಕೆ ಬಂದರೂ ನಾವು ಬಡವರಲ್ಲ: ಮುಂದೆ ದೇಶದ ಉಪರಾಷ್ಟ್ರಪತಿಗಳಾದ ಬಿ. ಡಿ. ಜತ್ತಿಯವರು ಸಾರ್ವಜನಿಕ ಜೀವನದ ಮೊದಲ ಪಾಠಗಳನ್ನು ಕಲಿತದ್ದು ಜಮಖಂಡಿಯ ಪುರಸಭೆಯ ಸದಸ್ಯರಾಗಿ, ಅನಂತರ ಅಧ್ಯಕ್ಷರಾಗಿ. ನದಿಗೆ ಅಡ್ಡಗಟ್ಟೆ ಹಾಕಿದ ಜನಕ್ಕೆ ಮಾಳಿಗೆಯ ಮೇಲೆ ನಾಲ್ಕು ಸೌರಫಲಕ ನಿಲ್ಲಿಸುವುದು ದೊಡ್ಡ ಮಾತಲ್ಲ.

ಆದರೆ ಮಾಳಿಗೆಗಳು ಇನ್ನೂ ಬರಿದಾಗಿವೆ, ಮತ್ತು ಅದಕ್ಕೆ ಕಾರಣ ಆಲಸ್ಯವೊಂದೇ ಅಲ್ಲ. ಕೇಂದ್ರ ಸರ್ಕಾರವು 2024ರ ಫೆಬ್ರುವರಿಯಲ್ಲಿ ಆರಂಭಿಸಿದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿನ ಮಾಳಿಗೆಯ ಸೌರವ್ಯವಸ್ಥೆಗೆ 78,000 ರೂಪಾಯಿ ಸಹಾಯಧನವುಂಟು. ಇತ್ತ ರಾಜ್ಯದ ಗೃಹಜ್ಯೋತಿ 2023ರಿಂದ ತಿಂಗಳಿಗೆ 200 ಯೂನಿಟ್‌ವರೆಗೆ ಬಿಲ್ಲನ್ನೇ ಕಾಣದಂತೆ ಮಾಡಿದೆ. ಬಡವನ ಮನೆಗೆ ಅದು ದೊಡ್ಡ ಆಸರೆ, ಸಂಶಯವಿಲ್ಲ. ಬಿಲ್ಲೇ ಇಲ್ಲದ ಮನೆಯವನು ಬಿಲ್ಲನ್ನು ತಗ್ಗಿಸುವ ಫಲಕಕ್ಕಾಗಿ ಸಾಲವನ್ನೇಕೆ ಮಾಡಿಯಾನು ಎಂಬುದೂ ಅಷ್ಟೇ ನಿಸ್ಸಂಶಯ. ಎರಡು ಸರ್ಕಾರಗಳ ಎರಡು ಔದಾರ್ಯಗಳು ಒಂದೇ ಮಾಳಿಗೆಯ ಮೇಲೆ ಪರಸ್ಪರ ಮುಖ ತಿರುಗಿಸಿ ನಿಂತಿವೆ. ಇಂಥ ಸ್ಥಿತಿಯಲ್ಲಿ ಒಂಟಿ ಮನೆಯನ್ನು ಒಲಿಸುವುದಕ್ಕಿಂತ ಸಭೆಯನ್ನು ಒಲಿಸುವುದೇ ಸುಕರವೆಂದು ನನ್ನ ಅಭಿಪ್ರಾಯ. ಸೂರ್ಯಘರ್ ಯೋಜನೆಯಲ್ಲಿಯೇ, ತನ್ನ ವ್ಯಾಪ್ತಿಯಲ್ಲಿ ಏರಿದ ಪ್ರತಿಯೊಂದು ಸೌರಮಾಳಿಗೆಗೂ ಪಂಚಾಯತಿಗೆ ಅಥವಾ ನಗರಸಭೆಗೆ 1,000 ರೂಪಾಯಿ ಪ್ರೋತ್ಸಾಹಧನ ಸಲ್ಲಬೇಕೆಂದಿದೆ. ಜಿಲ್ಲೆಗೊಂದು ಮಾದರಿ ಸೌರಗ್ರಾಮವನ್ನು ಸ್ಪರ್ಧೆಯಿಂದ ಆರಿಸಿ ಒಂದು ಕೋಟಿ ರೂಪಾಯಿ ಕೊಡುವ ಏರ್ಪಾಡೂ ಇದೆ. ಆ ಹಣದಿಂದ ಕುಡಿಯುವ ನೀರಿನ ಪಂಪುಗಳನ್ನೂ ಬೀದಿದೀಪಗಳನ್ನೂ ಬಿಸಿಲಿಗೆ ಒಪ್ಪಿಸಿದರೆ, ಯಾರ ಮನೆಯ ಬಿಲ್ಲಿಗೂ ಸಂಬಂಧಪಡದ ಆ ಎರಡು ಬಾಬುಗಳು ಪಂಚಾಯತಿಯ ಖರ್ಚಿನ ಪುಸ್ತಕದಿಂದ ಅಷ್ಟರಮಟ್ಟಿಗೆ ಇಳಿದುಹೋಗುತ್ತವೆ.

ನಗರಸಭೆಯ ಅನುಸೂಚಿಯಲ್ಲಿ ಶಕ್ತಿಮೂಲದ ಮಾತಿಲ್ಲದಿದ್ದರೂ, ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಿ ಇದಕ್ಕಿಂತ ಹೆಚ್ಚಿನ ಅವಕಾಶವಿದೆ. ಸೀರೆ ನೇಯುವ ವಿದ್ಯುತ್ ಮಗ್ಗದ ಸದ್ದು ಬಿಸಿಲೇರಿದಂತೆ ಏರುವುದು. ಮಗ್ಗಕ್ಕೆ ಶಕ್ತಿ ಬೇಕಾದ ಹೊತ್ತೂ ಸೂರ್ಯನು ಶಕ್ತಿ ಕೊಡುವ ಹೊತ್ತೂ ಬಹುಪಾಲು ಒಂದೇ ಆಗಿರುವ ಕಸುಬುಗಳು ಹೆಚ್ಚಿಲ್ಲ. ಹತ್ತು ಅಶ್ವಶಕ್ತಿಯವರೆಗಿನ ಮಗ್ಗಗಳಿಗೆ ಸರ್ಕಾರ ಉಚಿತ ವಿದ್ಯುತ್ತನ್ನು ಕೊಡುತ್ತಿರುವುದರಿಂದ ಇಲ್ಲಿಯೂ ಬಿಲ್ಲು ಮರೆಯಾಗಿದೆ. ಆದರೆ ನಡುಹಗಲಿನಲ್ಲಿ ಕರೆಂಟು ಹೋಗಿ ಹಾಸು ಹೊಕ್ಕುಗಳ ನಡುವೆ ಲಾಳಿ ನಿಂತರೆ ಆಗುವ ನಷ್ಟಕ್ಕೆ ಉಚಿತದ ಆದೇಶ ಪರಿಹಾರವಾಗದು. ಒಂದು ಓಣಿಯ ಹಲವು ಮಗ್ಗದ ಮನೆಗಳಿಗೆ ಸೇರಿ ಒಂದೇ ಸೌರವ್ಯವಸ್ಥೆ, ಜೊತೆಗೆ ಲಾಳಿ ನಿಲ್ಲದಿರುವಷ್ಟು ಬ್ಯಾಟರಿ ಇರಬೇಕಾದರೆ, ಫಲಕ ಯಾರ ಮಾಳಿಗೆಯ ಮೇಲೆ, ಮೀಟರು ಯಾರ ಹೆಸರಿಗೆ, ತಿಂಗಳ ವಂತಿಗೆಯ ಪುಸ್ತಕ ಯಾರ ಕೈಯಲ್ಲಿ, ಕೊಡದವನ ತಂತಿ ತೆಗೆಯುವ ಅಧಿಕಾರ ಯಾರಿಗೆ ಎಂಬ ನಾಲ್ಕು ಪ್ರಶ್ನೆಗಳನ್ನು ನಗರಸಭೆ ನೇಕಾರರ ಸಂಘಗಳೊಡನೆ ಕೂತು ಮೊದಲು ಇತ್ಯರ್ಥಮಾಡಬೇಕು. ಫಲಕಗಳ ಟೆಂಡರು ಆಮೇಲಿನ ಮಾತು.