ಕಡಲ ನಡುವಿನ ಸಿಹಿನೀರು

ಬಯಲುಸೀಮೆಯವರಾದ ನಮಗೆ ಕಡಲೆಂದೊಡನೆ ಮನಸ್ಸಿಗೆ ಹೊಳೆಯುವುದು ನೀರಿನ ಸಮೃದ್ಧಿ. ಮುಂಗಾರು ಕೈಕೊಟ್ಟರೆ ಹಿಂಗಾರನ್ನು ನೆಚ್ಚಿ, ಎರಡೂ ಕೈಕೊಟ್ಟರೆ ಮುಗಿಲನ್ನು ನೋಡುತ್ತ ಕೂಡುವ ಚಿತ್ರದುರ್ಗದ ಸೀಮೆಯಿಂದ ಹೊರಟವರಿಗೆ, ನಾಲ್ದೆಸೆಯಲ್ಲಿಯೂ ನೀರೇ ಇರುವ ದ್ವೀಪದಲ್ಲಿ ಒಂದು ಕೊಡ ಕುಡಿಯುವ ನೀರು ನಮ್ಮಲ್ಲಿಗಿಂತಲೂ ಜೋಕೆಯಿಂದ ಕಾಪಾಡಬೇಕಾದ ವಸ್ತುವೆಂದು ತಿಳಿದಾಗ ಆಗುವ ಬೆರಗು ಸಾಮಾನ್ಯವಾದುದಲ್ಲ. ಲಕ್ಷದ್ವೀಪದ ಕವರತ್ತಿಯಲ್ಲಿ ಕಳೆದ ಒಂದು ಹಗಲು ನಮಗೆ ಕಲಿಸಿದ ಪಾಠ ಇದೇ.

ಕೊಚ್ಚಿಯಿಂದ ಹೊರಟ ಹಡಗು ರಾತ್ರಿಯೆಲ್ಲ ಸಾಗಿ, ಸುಮಾರು 400 ಕಿಲೋಮೀಟರು ದೂರವನ್ನು ಕ್ರಮಿಸಿ, ಬೆಳಗಿನ ವೇಳೆಗೆ ದ್ವೀಪದ ಹೊರಗೆ ಲಂಗರು ಹಾಕಿತು. ಹವಳದ ದಿಬ್ಬ ಕಾವಲಿರುವ ಕಡೆ ದೊಡ್ಡ ಹಡಗು ಒಳನುಗ್ಗುವಂತಿಲ್ಲ. ಪಕ್ಕದ ಬಾಗಿಲಿನಿಂದ ದೋಣಿಗೆ ಇಳಿಯಬೇಕು. ಅಲೆ ಮೇಲೆದ್ದು ದೋಣಿ ಬಾಗಿಲಿನ ಸಮಕ್ಕೆ ಬಂದ ಕ್ಷಣವನ್ನು ನೋಡಿ ದೋಣಿಯವರು ಒಬ್ಬೊಬ್ಬರನ್ನೇ ಕೈಹಿಡಿದು ಇಳಿಸಿಕೊಳ್ಳುತ್ತಾರೆ. ದಿಬ್ಬದ ಒಳಗಿನ ತಿಳಿನೀರಿನಲ್ಲಿ ತಳದ ಹವಳವೂ ಬಣ್ಣಬಣ್ಣದ ಮೀನುಗಳೂ ಗಾಜಿನ ಪೆಟ್ಟಿಗೆಯಲ್ಲಿಟ್ಟಂತೆ ಕಾಣುತ್ತವೆ. ದಡದಲ್ಲಿ ಬಿಳಿಯ ಮರಳು, ಅದರಾಚೆಗೆ ತೆಂಗು, ಮತ್ತೂ ತೆಂಗು. ಹೊಸದುರ್ಗದ ತೋಟಗಳನ್ನು ಕಂಡ ಕಣ್ಣಿಗೆ ಮರ ಹೊಸದಲ್ಲ. ಅದಕ್ಕೆ ನೀರು ಕಟ್ಟುವವರು ಯಾರೂ ಇಲ್ಲದಿರುವುದೇ ಹೊಸದು.

ಕನ್ನಡಿಗರಿಗೆ ಈ ದ್ವೀಪಗಳು ತೀರ ಪರಸ್ಥಳವಲ್ಲ. ಕವರತ್ತಿಯ ಉತ್ತರಕ್ಕಿರುವ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರ ಎಂಬ ಅಮಿನ್‌ದೀವಿ ದ್ವೀಪಗಳು 18ನೆಯ ಶತಮಾನದ ಕೊನೆಯಲ್ಲಿ ಟಿಪ್ಪೂ ಸುಲ್ತಾನನ ಅಧೀನವಾಗಿದ್ದವು. 1799ರಲ್ಲಿ ಅವನು ಮಡಿದ ಮೇಲೆ ಇಂಗ್ಲಿಷರ ಕೈಸೇರಿದುವು. 1956ರ ತನಕವೂ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದುವು. ಅಲ್ಲಿಯ ಜನ ನಾರನ್ನೂ ಕೊಬ್ಬರಿಯನ್ನೂ ಹಾಯಿದೋಣಿಗಳಲ್ಲಿ ತುಂಬಿ ಮಂಗಳೂರಿಗೆ ತಂದು, ಅಕ್ಕಿಯನ್ನು ಕೊಂಡೊಯ್ಯುತ್ತಿದ್ದರು. ಅನ್ನ ಕಡಲು ದಾಟಿ ಬರುತ್ತಿತ್ತು. ನೀರು ಮಾತ್ರ ಊರಲ್ಲೇ ಹುಟ್ಟಬೇಕಾಗಿತ್ತು.

ಉಪ್ಪಿನ ಮೇಲೆ ತೇಲುವ ಸಿಹಿ

ಕವರತ್ತಿಯಲ್ಲಿ ನದಿಯಿಲ್ಲ, ತೊರೆಯಿಲ್ಲ. ದ್ವೀಪದ ವಿಸ್ತಾರ ನಾಲ್ಕು ಚದರ ಕಿಲೋಮೀಟರಿಗೆ ತುಸು ಹೆಚ್ಚು. 2011ರ ಜನಗಣತಿಯಂತೆ ಜನಸಂಖ್ಯೆ 11,000ಕ್ಕೂ ಮೀರಿದ್ದು. ಮುಗಿಲಿನಿಂದ ಬಿದ್ದ ಮಳೆ ಹವಳದ ಮರಳಿನಲ್ಲಿ ಇಂಗುತ್ತದೆ. ಉಪ್ಪುನೀರಿಗಿಂತ ಹಗುರವಾದ ಈ ಸಿಹಿನೀರು ನೆಲದೊಳಗೆ ಅದರ ಮೇಲೆ ತೆಳುವಾದ ಪದರವಾಗಿ ತೇಲುತ್ತದೆ. ಮನೆಮನೆಯ ತೆರೆದ ಬಾವಿಗಳಿಗೆ ಅದೇ ಆಸರೆ. ಕಡಲ ಮಟ್ಟಕ್ಕಿಂತ ಒಂದಡಿ ಎತ್ತರದಲ್ಲಿ ಸಿಹಿನೀರು ನಿಂತಿದ್ದರೆ, ಕೆಳಗೆ ಅದು ಸುಮಾರು 40 ಅಡಿ ಆಳಕ್ಕೆ ಇರುತ್ತದೆಂಬುದು ಶಾಸ್ತ್ರದ ಲೆಕ್ಕ. ಮೇಲಿನ ಅಡಿಯನ್ನು ಪಂಪು ಹಚ್ಚಿ ಬರಿದು ಮಾಡಿದರೆ ಕೆಳಗಿನಿಂದ ಉಪ್ಪು ಏರಿಬರುತ್ತದೆ. ನಮ್ಮ ಹಿರಿಯೂರಿನ ರೈತ ನೀರು ಕಾಣದಿದ್ದರೆ ಕೊಳವೆಬಾವಿಯನ್ನು ಇನ್ನಷ್ಟು ಆಳಕ್ಕೆ ಇಳಿಸಿಯಾನು. ಕವರತ್ತಿಯವನಿಗೆ ಆ ದಾರಿಯೂ ಇಲ್ಲ.

ಈ ಇಕ್ಕಟ್ಟಿಗೆ ಪರಿಹಾರವನ್ನು ಕಡಲಿನಲ್ಲೇ ಹುಡುಕಿದವರು ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು. ಅವರು ನಿರ್ಮಿಸಿದ ಸ್ಥಾವರ 2005ರಲ್ಲಿ ಇಲ್ಲಿ ಕೆಲಸ ಆರಂಭಿಸಿತು. ಕಡಲ ಮೇಲ್ಮೈಯ ಬೆಚ್ಚನೆಯ ನೀರನ್ನು ಗಾಳಿ ತೆಗೆದ ಕೊಠಡಿಗೆ ಬಿಟ್ಟರೆ ಅದು ಬೆಂಕಿಯ ಹಂಗಿಲ್ಲದೆ ಆವಿಯಾಗುತ್ತದೆ. ನೂರಾರು ಮೀಟರು ಆಳದಿಂದ ಕೊಳವೆಯಲ್ಲಿ ಎತ್ತಿ ತಂದ ತಣ್ಣೀರು ಆ ಆವಿಯನ್ನು ಮತ್ತೆ ನೀರಾಗಿಸುತ್ತದೆ; ಉಪ್ಪು ಹಿಂದುಳಿಯುತ್ತದೆ. ಇದರ ಸಾಮರ್ಥ್ಯ ದಿನಕ್ಕೆ ಒಂದು ಲಕ್ಷ ಲೀಟರು. ಜನಗಣತಿಯ ಲೆಕ್ಕಕ್ಕೆ ಹಂಚಿದರೆ ತಲೆಗೆ ಒಂಬತ್ತು ಲೀಟರು ಸಿಕ್ಕೀತು. ಕುಡಿಯುವುದಕ್ಕೂ ಅಡುಗೆಗೂ ಅಷ್ಟು ಸಾಕು. ಸ್ನಾನಕ್ಕೆ, ಬಟ್ಟೆಗೆ ಹಳೆಯ ಬಾವಿಯೇ ಗತಿ.

ಹಗಲೆಲ್ಲ ದ್ವೀಪದಲ್ಲಿದ್ದು ರಾತ್ರಿ ಹಡಗಿಗೆ ಮರಳುವ ಪ್ರವಾಸಕ್ರಮ ಕೆಲವರಿಗೆ ಅರೆಮನಸ್ಸಿನದಾಗಿ ತೋರಬಹುದು. ಬಾವಿಗಳ ಕಡೆಯಿಂದ ನೋಡಿದರೆ ಅದೇ ವಿವೇಕದ ಏರ್ಪಾಡು. ವಿಹಾರಗೃಹಗಳು ಹೆಚ್ಚಿದಷ್ಟೂ ಆ ತೆಳು ಪದರದ ಮೇಲೆ ಹೊರೆ ಹೆಚ್ಚುತ್ತದೆ. ಕೊಳಚೆ ಇಂಗುವುದೂ ಅದೇ ಮರಳಿನೊಳಕ್ಕೆ. ಅತಿಥಿಯ ಒಂದು ದಿನದ ಸುಖಕ್ಕಾಗಿ ಆತಿಥೇಯನ ಬಾವಿ ಉಪ್ಪಾಗುವುದಾದರೆ ಅಂಥ ಪ್ರವಾಸದಿಂದ ದ್ವೀಪಕ್ಕೆ ಬಂದ ಲಾಭವೇನು?

ಇದು ದುರ್ಗದವರಿಗೆ ತಿಳಿಯದ ಮಾತಲ್ಲ. ಕೋಟೆಯ ಬಂಡೆಗಳ ಮೇಲೆ ಬಿದ್ದ ಮಳೆಯನ್ನು ಗೋಪಾಲಸ್ವಾಮಿ ಹೊಂಡದಲ್ಲಿಯೂ ಅಕ್ಕ-ತಂಗಿ ಹೊಂಡದಲ್ಲಿಯೂ ಹಿಡಿದಿಟ್ಟು ಬಾಳಿದವರು ನಮ್ಮ ಹಿರಿಯರು. 1933ರಲ್ಲಿ ಕೋಡಿಬಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿಬೀಳಲು 2022ರವರೆಗೆ ಕಾಯಬೇಕಾಯಿತು. ಕವರತ್ತಿಯಲ್ಲಿ ವರ್ಷಕ್ಕೆ ಬೀಳುವ ಮಳೆಯ ಅರ್ಧದಷ್ಟೂ ನಮ್ಮ ಜಿಲ್ಲೆಯ ಬಹುಭಾಗಕ್ಕೆ ದೊರೆಯದು. ಆದರೂ ಇಬ್ಬರೂ ಬದುಕಬೇಕಾದುದು ಮುಗಿಲು ಕೊಟ್ಟದ್ದನ್ನು ಕೂಡಿಟ್ಟೇ. ಚಳಿಗಾಲದ ರಜೆಯಲ್ಲಿ ದ್ವೀಪಯಾತ್ರೆಗೆ ಹೊರಡುವ ಓದುಗರು ಅನುಮತಿಪತ್ರವನ್ನು ಮೊದಲೇ ಪಡೆಯಲಿ, ಹವಳವನ್ನು ಮುರಿಯದಿರಲಿ. ದಡದ ನಲ್ಲಿಯನ್ನು ತಿರುಗಿಸುವಾಗ ಬೇಸಿಗೆಯ ನಮ್ಮೂರಿನ ಕೊಡದ ಸಾಲನ್ನು ಒಮ್ಮೆ ನೆನೆಯಲಿ.